ಕುದ್ರುವಿಗೊಂದು ಸೇತುವೆ

ನಮ್ಮವರ, ಅಂದರೆ ಸರ್ವೋತ್ತಮರ, ಮಾತಿನ ಚಪಲ ಎಂಥದ್ದೆಂದು ಮದುವೆಯಾದ ವರ್ಷವೇ ನನಗೆ ಗೊತ್ತಾಗಿತ್ತು. ಊರಲ್ಲಿ ಕುದ್ರುವಿನವರಿಗೆ ಗೊತ್ತಾಗಬೇಕಲ್ಲ! ಅಬುಧಾಬಿಯಲ್ಲಿರುವವ, ನಾಲ್ಕು ಜನರೊಡನೆ ಮಾತಾಡಬಲ್ಲವ ಎಂದು ಸೇತುವೆಯ ಅರ್ಜಿಗೆ ಇವರ ನಂಬರನ್ನೇ ಕೊಟ್ಟಿದ್ದರು.

ಉಡುಪಿ ಕಡೆ ಹೊಳೆಯ ನಡುವೆ ಇರುವ ನಮ್ಮ ಕುದ್ರುವಿಗೆ ದೋಣಿ ಬಿಟ್ಟರೆ ದಾರಿಯಿಲ್ಲ. ಇಂಥ ಊರುಗಳಿಗೆ ಸರ್ಕಾರ ಹಣ ಇಟ್ಟಿದೆ, ಸೇತುವೆ ಆಗುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅತ್ತೆ. ಸೊಂಟ ಮುರಿದ ಮೇಲೆ ಅವರನ್ನು ಗಂಡಸರು ಎತ್ತಿ ದೋಣಿಗೆ ಹಾಕಿ, ಅಬುಧಾಬಿಯ ನಮ್ಮ ಫ್ಲಾಟಿಗೆ ಕಳಿಸಿದ್ದರು. ಇನ್ನೊಮ್ಮೆ ಮೂಟೆಯ ಹಾಗೆ ಹೋಗಲಾರೆ, ರಿಕ್ಷಾದಲ್ಲಿ ಕೂತು ಮನೆಯಂಗಳದಲ್ಲೇ ಇಳಿಯುತ್ತೇನೆ ಎಂದು ಅವರ ಹಟ. ಅವರು ಲಿಫ್ಟಿಗೂ ಹೆದರಿ ಕಿಟಕಿಯ ಬಳಿಯೇ ಕೂರುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಒಂದು ಬೆಳಿಗ್ಗೆ ಬೆಂಗಳೂರಿನಿಂದ, ಅರ್ಜಿ ನೋಡುವ ಇಂಜಿನಿಯರ್ ಭರತ ಫೋನ್ ಮಾಡಿದರು. ಮಾತು ಧಾರವಾಡದ್ದು. ಇವರು ಸ್ಪೀಕರ್ ಹಾಕಿದರು.

"ನಿಮ್ಮ ದ್ವೀಪಕ್ಕ ಈಗ ಸೇತುವೆ ಐತೇನ್ರಿ?"

"ಉಂಟು ಸರ್, ಬೇಕಾದಷ್ಟು ಉಂಟು. ಕಾರಲ್ಲೇ ಹೋಗ್ಲಿಕ್ಕೆ ಆಗ್ತದೆ."

ಸುಳ್ಳೇನಲ್ಲ. ಅಬುಧಾಬಿ ದ್ವೀಪವೇ, ಸೇತುವೆಗಳೂ ಇವೆ. ಸಾಹೇಬರು ಉಭಯಕುಶಲೋಪರಿ ವಿಚಾರಿಸುತ್ತಿದ್ದಾರೆ ಎಂದುಕೊಂಡು ನಾನೂ ತಲೆಯಾಡಿಸಿದೆ. ಫೋನ್ ಇಟ್ಟ ಮೇಲೆ ಮಾತ್ರ, ಕುದ್ರುವಿನ ವಿಷಯ ಕೇಳಲೇ ಇಲ್ಲವಲ್ಲ ಎಂದು ಇಬ್ಬರಿಗೂ ಗಲಿಬಿಲಿ.

ಕೆಲವು ವಾರಗಳ ನಂತರ ಊರಿನಿಂದ ಇವರ ತಮ್ಮ ರಂಜಿತ್ ಫೋನ್ ಮಾಡಿದ. ಹಣ ಬೇರೆ ಕಡೆಗೆ ಹೋಯಿತಂತೆ. ನಮ್ಮಲ್ಲಿ ಆಗಲೇ ಸೇತುವೆ ಇದೆಯೆಂದು ಯಾರೋ ಹೇಳಿದ್ದಾರಂತೆ. ಆ ಬೇವರ್ಸಿ ಯಾರು ಎಂದು ಅವನು ಬೈದ. ಇವರು ಅವನಿಗಿಂತ ಜೋರಾಗಿ ಬೈದರು. ಆ ಸಿಟ್ಟಿನಲ್ಲೇ ಭರತರಿಗೆ ಫೋನ್ ಮಾಡಿದರು.

"ನೀವ ಹೇಳಿದ್ರಲ್ರಿ?"

ಅದು ಇಲ್ಲಿಯ ದ್ವೀಪ, ನಮ್ಮದು ಕುದ್ರು ಎಂದು ಇವರು ತೊದಲಿದರು.

"ಕುದ್ರು ಅಂದ್ರ ದ್ವೀಪ ಅಲ್ಲೇನ್ರಿ?"

ಇವರು ನನ್ನ ಮುಖ ನೋಡಿದರು. ಮದುವೆಯಾದಾಗಿನಿಂದ ಕುದ್ರುವನ್ನು ಯಾರೂ ದ್ವೀಪ ಎಂದದ್ದು ನಾನು ಕೇಳಿಲ್ಲ. ಈ ಸಲದ ಹಣ ಮುಗಿಯಿತು, ಮತ್ತೆ ಯಾವಾಗಲೋ ಗೊತ್ತಿಲ್ಲ ಎಂದು ಭರತ ಫೋನ್ ಇಟ್ಟರು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ನಮ್ಮದೂ ದ್ವೀಪವಾ ಮಗಾ?"

"ಹೌದಂತೆ ಅಮ್ಮ."

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು.

"ಟಿಕೆಟ್ ಮಾಡು. ಮೂಟೆ ಹಾಗೆ ಎತ್ತಿಕೊಂಡೇ ಹೋಗ್ಲಿ."