ಬೇವಿನ ಗಿಡದ ಕೆಳಗಿನ ಉಬ್ಬು

ಡಾಂಬರಿನ ವಾಸನೆ ಪರದೆ ದಾಟಿ ಬಂದಾಗ ಒಳಗೆ ಹೆಂಗಸರು ಹೆಣದ ಮೇಲೆ ಮತ್ತೊಂದು ತಂಬಿಗೆ ನೀರು ಸುರಿಯುತ್ತಿದ್ದರು. ಬಾರಿ ಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರಿಗೆ ನೂರ್ ಬೀಯ ಹಿಮ್ಮಡಿಯ ಡಾಂಬರು ಮೆತ್ತಗಾಗಿತ್ತು, ಆದರೆ ಬಿಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ಕುಳಿತಿದ್ದ ಅಮರಮ್ಮ ಕಣ್ಣು ಮುಚ್ಚಿದಳು.

ಆ ವಾಸನೆ ಅವಳ ಪಾಲಿಗೆ ಲಂಗ ಉಡುತ್ತಿದ್ದ ಕಾಲದ್ದು. ಮಾನ್ವಿಗೆ ಮೊದಲ ಸಲ ಡಾಂಬರು ರಸ್ತೆ ಬಂದಾಗ ಅವಳ ಅವ್ವ ಅಲ್ಲಿ ಖಡಿಕಲ್ಲು ಹೊರುತ್ತಿದ್ದಳು. ಕರಿ ರಸ್ತೆಯ ಮೇಲೆ ಯಾರು ಮೊದಲು ನಡೆಯುವವರೆಂದು ಪಂದ್ಯ ಕಟ್ಟಿ ಅಮರಿ, ನೂರಿ ಇಬ್ಬರೂ ಇಳಿದಿದ್ದರು. ಕಾಲು ಸುಟ್ಟು ಅಳುತ್ತ ಕುಳಿತಾಗ ನೂರಿ ಕುಂಟುತ್ತ ಮನೆಗೆ ಓಡಿ, ಅವಳಪ್ಪ ಮಿರ್ಚಿ ಕರಿಯುವ ಬಾಣಲೆಯಿಂದ ಆರಿದ ಎಣ್ಣೆ ತಂದಿದ್ದಳು. ಮೊದಲು ಅಮರಿಯ ಪಾದ ತಿಕ್ಕಿ, ಆಮೇಲೆ ತನ್ನದು.

ಅಮರಮ್ಮ ಎದ್ದಳು. ಪಕ್ಕದಲ್ಲೇ ಇದ್ದ ತನ್ನ ಮನೆಗೆ ಹೋಗಿ ಒಂದು ಬಟ್ಟಲು ಶೇಂಗಾ ಎಣ್ಣೆ ತಂದು ಪರದೆಯ ಸಂದಿಯಿಂದ ಒಳಗೆ ಹಿಡಿದಳು.

"ನೀರಿಗಿ ಹೋಗಂಗಿಲ್ಲವ್ವಾ ಅದು. ಒಂಚೂರು ಎಣ್ಣಿ ಹಚ್ಚಿ ಮೆಲ್ಲಕ ತಿಕ್ಕರಿ. ಆಕಿಗಿ ಹಿಮ್ಮಡದಾಗ ಸೀಳು ಅದಾವ."

ಒಳಗಿನಿಂದ ಒದ್ದೆ ಕೈಯೊಂದು ಬಂದು ಬಟ್ಟಲು ತೆಗೆದುಕೊಂಡಿತು. ನೂರ್ ಬೀಯ ಮಗಳು ಜಾಹೆದಾಳ ಕೈ. ಅದು ಬಟ್ಟಲಿನ ಜೊತೆಗೆ ಅಮರಮ್ಮನ ಬೆರಳುಗಳನ್ನೂ ಒಂದು ಗಳಿಗೆ ಹಿಡಿದಿತ್ತು.

ನಿನ್ನೆ ಸಂಜೆ ಶಾಲೆ ಬಿಡುವ ಹೊತ್ತಿಗೆ, ಬಾವಿ ತಿರುವಿನಲ್ಲಿ, ಭತ್ತದ ಲಾರಿ ನೂರ್ ಬೀಯನ್ನು ಹೊಡೆದಿತ್ತು. ಡ್ರೈವರ್ ಈ ದಾರಿಗೆ ಹೊಸಬ. ರಸ್ತೆಯ ನಡುವೆ ಮುದುಕಿಯೊಬ್ಬಳು ಸೌಟು ಎತ್ತಿ ನಿಂತರೆ ಬ್ರೇಕ್ ಹಾಕಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ದಾಟಿಯಾಗಿತ್ತು. ಅವಳು ದಾಟಿರಲಿಲ್ಲ. ರಾಯಚೂರಿನ ದವಾಖಾನೆಗೆ ಹೋದ ಜೀಪು ಬೆಳಗಿನ ಜಾವ ಅವಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ತಿರುಗಿ ಬಂತು.

ಅಂಗಳದ ಚಪ್ಪರದ ಕೆಳಗೆ ಗಂಡಸರ ಮಾತು ಏರುತ್ತಿತ್ತು.

"ಪೀರಾ ಸಾಬ್, ನಾ ಹೇಳೂದು ಒಂಚೂರು ಕೇಳ್ರಿ," ಎಂದ ವಿರೂಪಣ್ಣ. ಅವನು ಆ ಓಣಿಯಿಂದ ಆರಿಸಿ ಬಂದ ಪುರಸಭೆ ಮೆಂಬರು, ಅದೇ ರಸ್ತೆಯ ಬದಿಗೆ ಶೇಂಗಾ ಗಿರಣಿ ಇಟ್ಟವನು. "ಮಣ್ಣಿಗಿ ಒಯ್ಯೂಕಿಂತ ಮೊದಲ ರೋಡಿಗಿ ಒಯ್ಯೋಣು. ಲಾರಿ ನಿಂತ್ರ ಓವರ್‌ಸಿಯರ್ ತಾನ ಓಡಿ ಬರ್ತಾನ. ಹಂಪ್ಸ್ ಹಾಕಿಸ್ತೀನಂತ ಅಂದಮ್ಯಾಲೆ ಎತ್ತೋಣು. ಇವತ್ತ ಬಿಟ್ರ ಮತ್ತ ಇಲ್ಲ."

ನೂರ್ ಬೀಯ ತಮ್ಮ ಪೀರಾ ಸಾಬ್ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ನಮ್ಮಕ್ಕನ್ನ ರೋಡಿನ್ಯಾಗ ಮಲಗಸೂದೇನ್ರಿ? ನಮ್ಮೊಳಗ ಮಣ್ಣು ತಡಾ ಮಾಡಬಾರ್ದು ಅಂತ ನಿಮಗೂ ಗೊತ್ತದ."

"ದೇವದುರ್ಗದ ರೋಡಿಗಿ ಹ್ಯಾಂಗ ಬಿತ್ತು ಹಂಪ್ಸು? ಹೆಣಾ ಅಡ್ಡ ಇಟ್ಟಮ್ಯಾಲೇ ಬಿತ್ತು."

"ಬದುಕಿದ್ದವರು ಚಪ್ಲಿ ಸವಸಿದ್ರ ಯಾರೂ ಕೇಳಂಗಿಲ್ಲ ಬಿಡ್ರಿ," ಎಂದು ಮೂಲೆಯಲ್ಲಿದ್ದ ಮುದುಕನೊಬ್ಬ ಬೀಡಿ ಹಚ್ಚಿದ. "ಸತ್ತಮ್ಯಾಲೆ ಭಾಳ ಮರ್ಯಾದಿ ನಮಗ."

ಯಾರೋ ನಗಲು ಹೋಗಿ ಕೆಮ್ಮಿದರು.

ಪರದೆಯ ಹಿಂದಿನಿಂದ ಜಾಹೆದಾಳ ದನಿ ಬಂತು. ಅತ್ತು ಒಡೆದ ದನಿ, ಆದರೆ ತಡವರಿಸಲಿಲ್ಲ.

"ಮಾಮೂ, ಒಯ್ಯಲಿ ಬಿಡ್ರಿ. ಅಮ್ಮ ಆ ಹಂಪ್ಸಿಗಿ ಎಷ್ಟು ತಿರಿಗ್ಯಾಳ ನಿಮಗ ಗೊತ್ತದ. ಇದೊಂದು ಸಲ ಕೇಳಿ ಹೋಗ್ಲಿ. ನನ್ನ ಮಗಳು ನಾಳಿ ನಾಡದು ಅದ ತಿರುವು ದಾಟಿ ಸಾಲಿಗಿ ಹೋಗಬೇಕು."

ಪೀರಾ ಸಾಬ್ ಟೊಪ್ಪಿಗೆ ಹಾಕಿಕೊಂಡ. "ಮಧ್ಯಾಹ್ನದ ಜೋಹರ್ ನಮಾಜಿನತನ," ಎಂದ. "ಅದರಾಚಿ ಒಂದು ಗಳಿಗಿ ಇಲ್ಲ."

*

ಬಾವಿ ತಿರುವಿನಲ್ಲಿ ತಾಡಪಾಲಿನ ಕೆಳಗೆ ನೂರ್ ಬೀಯ ಒಲೆ. ಬೆಳಿಗ್ಗೆ ಮಂಡಕ್ಕಿ ತೋಯಿಸಿ ಮಂಡಾಳು ಒಗ್ಗರಣೆ, ಸಂಜೆ ಮಿರ್ಚಿ. ಕೂಲಿ ಇಲ್ಲದ ದಿನ ಅಮರಮ್ಮ ಅಲ್ಲಿ ಕುಳಿತು ಮೆಣಸಿನಕಾಯಿ ಸೀಳಿ ಕೊಡುತ್ತಿದ್ದಳು. ಹೊಟ್ಟೆ ಒಡೆದ ಮಿರ್ಚಿಗಳನ್ನು ನೂರ್ ಬೀ ಬೇರೆ ತಟ್ಟೆಗೆ ಹಾಕುವಳು. ಅವು ಮಾರುವುದಕ್ಕಲ್ಲ, ಶಾಲೆ ಬಿಟ್ಟು ಬರುವ ಮಕ್ಕಳಿಗೆ. ಮಕ್ಕಳ ತಲೆ ಹೆಚ್ಚು ಕಂಡ ದಿನ ಅವಳ ಕೈಯಲ್ಲಿ ಮಿರ್ಚಿ ಹೆಚ್ಚು ಒಡೆಯುತ್ತಿದ್ದವು.

ಶಾಲೆ ರಸ್ತೆಯ ಆಚೆ. ಹಳೆಯ ಬಾವಿಯ ಗೋಡೆ ಅಡ್ಡ ಬಂದು, ಬರುವ ಲಾರಿ ಮೈಮೇಲೆ ಬರುವತನಕ ಕಾಣುತ್ತಿರಲಿಲ್ಲ. ಆದರೆ ನೂರ್ ಬೀಯ ಕಿವಿಗೆ ಕೇಳುತ್ತಿತ್ತು. ಒಲೆ ಬಿಟ್ಟು ಎದ್ದು, ಮಿರ್ಚಿ ಎತ್ತುವ ತೂತಿನ ಸೌಟು ತಲೆಯ ಮೇಲೆ ಹಿಡಿದು ರಸ್ತೆಯ ನಡುವೆ ನಿಂತುಬಿಡುವಳು. ಸೌಟಿನಿಂದ ಎಣ್ಣೆ ತೊಟ್ಟಿಕ್ಕಿ ಅವಳ ತೋಳಿನ ಮೇಲೆಲ್ಲ ಸಣ್ಣ ಕಲೆಗಳಾಗಿದ್ದವು. ಡ್ರೈವರುಗಳು ಮೊದಮೊದಲು ಬೈದರು. ಆಮೇಲೆ ಸೌಟಿನವ್ವ ಎಂದು ಕರೆದು, ತಿರುವು ಬರುವ ಮೊದಲೇ ಹಾರ್ನ್ ಹೊಡೆದು ನಿಧಾನ ಮಾಡತೊಡಗಿದರು.

ಎಂಬತ್ತೊಂದನೆ ಇಸವಿಯಲ್ಲಿ ಬ್ಯಾಂಕಿನ ಮುಂದೆ ಊರಿನ ಮೊದಲ ರಸ್ತೆಯುಬ್ಬು ಬಂತು. ಮ್ಯಾನೇಜರನ ಸ್ಕೂಟರಿಗೆ ಟ್ರ್ಯಾಕ್ಟರ್ ತಾಗಿ ಅವನ ಕಾಲು ಮುರಿದಿತ್ತು. ಎರಡನೆಯದು ಪುರಸಭೆ ಅಧ್ಯಕ್ಷರ ಮನೆಯ ಮುಂದೆ. ಅಲ್ಲಿ ಅವರ ಆಕಳ ಕರು ಸತ್ತಿತ್ತು. ಮೂರನೆಯದು ಎಲ್ಲಿ ಎಂದು ಸಭೆ ಸೇರಿದ ದಿನ ನೂರ್ ಬೀ ಅಮರಮ್ಮನನ್ನೂ ಎಳೆದುಕೊಂಡು ಹೋದಳು. ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಬಳಿ ನಿಂತರು.

"ಬಾವಿ ತಿರುವಿನ್ಯಾಗ ಯಾರರ ಸತ್ತಾರೇನು?" ಎಂದು ಕೇಳಿದರು ಅಧ್ಯಕ್ಷರು.

"ಇಲ್ರಿ."

"ಕೈಕಾಲು ಮುರಕೊಂಡಾರ?"

"ಇಲ್ರೀ ಯಪ್ಪಾ. ನಾ ನಿಂದರ್ತೀನಲ್ರಿ."

ಸಭೆಯಲ್ಲಿದ್ದವರೆಲ್ಲ ನಕ್ಕರು. "ಹಂಗಾರ ನೀನ ಹಂಪ್ಸು ಬಿಡು ನೂರ್ ಬೀ!" ಎಂದರು ಒಬ್ಬರು. "ಸರ್ಕಾರದ ಡಾಂಬರ ಉಳೀತು."

ನೂರ್ ಬೀಯೂ ನಕ್ಕಳು. ಅವಳಿಗೆ ಎಲ್ಲರ ಜೊತೆ ನಗುವ ಚಾಳಿ ಇತ್ತು. ಮೂರನೆಯ ಉಬ್ಬು ದೇವದುರ್ಗದ ರಸ್ತೆಗೆ ಹೋಯಿತು, ಅಲ್ಲಿ ಇಬ್ಬರು ಸತ್ತಿದ್ದರಿಂದ.

ತಿರುಗಿ ಬರುವಾಗ ಅವಳು ಕೇಳಿದಳು: "ಅಮರೀ, ಯಾರರ ಒಬ್ರು ಸಾಯಬೇಕಂತ. ಯಾರನ್ನ ಕಳಸೋಣು ಹೇಳು?"

"ಸುಮ್ನಿರ ಬೇ, ದೀಪ ಹಚ್ಚೂ ಹೊತ್ತಿನ್ಯಾಗ," ಎಂದು ಅಮರಮ್ಮ ಅವಳ ಬೆನ್ನಿಗೊಂದು ಗುದ್ದಿದ್ದಳು.

*

ಹೆಣ ಹೊತ್ತ ಜನಾಜಾವನ್ನು ಮೊದಲು ಇಳಿಸಿದ್ದು ಬಾವಿ ತಿರುವಿನಲ್ಲೇ, ಒಲೆಯ ಎದುರಿಗೆ. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಅಲ್ಲಿ ಒಂದು ಗಿಡವಿರಲಿಲ್ಲ. ಎರಡೂ ಕಡೆ ಕಲ್ಲು ಅಡ್ಡ ಇಟ್ಟರು. ಲಾರಿ, ಬಸ್ಸು, ಎತ್ತಿನ ಗಾಡಿ ಸಾಲಾಗಿ ನಿಂತವು. ಓವರ್‌ಸಿಯರ್ ಸಿಂಧನೂರಿನ ಕಡೆ ಹೋಗಿದ್ದಾನೆ, ಬರಲು ತಡವಾಗುತ್ತದೆ ಎಂದು ಸುದ್ದಿ ಬಂತು.

ಅಮರಮ್ಮ ಕೂಲಿ ಹೆಂಗಸರ ಜೊತೆ ರಸ್ತೆ ಬದಿಯಲ್ಲಿ ನಿಂತಿದ್ದಳು. ಹಸಿರು ಚಾದರದ ಮೇಲಿನ ಮಲ್ಲಿಗೆ ಬಾಡಿ ಕಂದಾಗುವುದು ಅವಳಿಗೆ ಅಲ್ಲಿಂದಲೇ ಕಾಣುತ್ತಿತ್ತು. ತಲೆಯ ಕಡೆಗೇ ಬಿಸಿಲು.

"ಯಪ್ಪಾ," ಎಂದಳು ವಿರೂಪಣ್ಣನ ಹತ್ತಿರ ಹೋಗಿ, "ಹಿಂಗ ಬಿಸಲಾಗ ಇಡಬ್ಯಾಡ್ರಿ. ಜಲಮ ಎಲ್ಲಾ ಒಲಿ ಮುಂದ ಸುಟ್ಕೊಂಡಾಕಿ. ನಿಮ್ಮ ಗಿರಣಿ ಮುಂದ ಬೇವಿನ ಗಿಡದ ನೆಳ್ಳಾಗರ ಇಡ್ರಿ. ಅದೂ ಇದ ರೋಡಲ್ಲ?"

ಯಾರೂ ಬೇಡವೆನ್ನಲಿಲ್ಲ. ಪೀರಾ ಸಾಬ್ ಅವಳ ಕಡೆ ನೋಡಿ ತಲೆ ತಗ್ಗಿಸಿದ, ಕೃತಜ್ಞತೆಯಿಂದ. ಗಂಡಸರು ಹೆಗಲು ಕೊಟ್ಟು ಊರ ಕಡೆ ಒಂದು ಕೂಗಳತೆ ದೂರದ ಬೇವಿನ ಕೆಳಗೆ ಇಳಿಸಿದರು. ಕಲ್ಲುಗಳೂ ಹಿಂದೆಯೇ ಬಂದವು. ಜನ ನೆರಳಿಗೆ ಕೂಡಿದರು. ಗಿರಣಿಯ ಆಳುಗಳು ನೀರಿನ ಕೊಡ ತಂದಿಟ್ಟರು. ನಿಂತ ಲಾರಿಯಿಂದ ಸರದಾರ ಡ್ರೈವರನೊಬ್ಬ ಇಳಿದು ಬಂದು, ಜನಾಜಾ ಯಾರದೆಂದು ತಿಳಿದ ಮೇಲೆ ಪಗಡಿಯ ತುದಿಯಿಂದ ಕಣ್ಣೊರೆಸಿಕೊಂಡು ಅಲ್ಲೇ ನೆಲಕ್ಕೆ ಕುಳಿತ.

ಬೇವಿನ ಹಣ್ಣೆಲೆ ಒಂದೊಂದೇ ಚಾದರದ ಮೇಲೆ ಉದುರುತ್ತಿತ್ತು. ಪೊಲೀಸಿನವ ಬಂದು ಬರೆದುಕೊಂಡ. ಕೊನೆಗೆ ಜೀಪು ಬಂತು. ಓವರ್‌ಸಿಯರ್ ವಯಸ್ಸಾದವನು, ಬಿಸಿಲಿಗೆ ಬಸವಳಿದಿದ್ದ. ಇಳಿದವನೇ ಚಪ್ಪಲಿ ಬಿಟ್ಟು ಜನಾಜಾದ ಮುಂದೆ ಕೈ ಮುಗಿದ. ಆಮೇಲೆ ಹೇಳಿದ:

"ಹಿರೇಕೊಟ್ನೆಕಲ್ ರಸ್ತಿಗಿ ನಮ್ಮ ಗ್ಯಾಂಗ್ ಅದ, ಡಾಂಬರ ಕಾಸಾಕತ್ತಾರ. ಈಗ ಕರಸ್ತೀನಿ. ಸಂಜಿಯೊಳಗ ಹಂಪ್ಸ್ ಆಗ್ತದ. ದಯಮಾಡಿ ರೋಡ್ ಬಿಡ್ರಿ."

ಅವನ ಜವಾನ ಸುಣ್ಣದ ಪುಟ್ಟಿ ಹಿಡಿದು ಜನಾಜಾದ ಬದಿಗೇ ರಸ್ತೆಗೆ ಅಡ್ಡಲಾಗಿ ಗೆರೆ ಎಳೆಯತೊಡಗಿದ.

ಅಮರಮ್ಮ ಆ ಗೆರೆ ನೋಡಿದಳು. ಗಂಡಸರನ್ನು ಸರಿಸಿಕೊಂಡು ಮುಂದೆ ಬಂದಳು. "ಇಲ್ಲಲ್ರೀ ಸಾಹೇಬ್ರ! ಆಕಿ ಸತ್ತಿದ್ದು ಅಲ್ಲಿ, ತಿರುವಿನ್ಯಾಗ. ಇಲ್ಲಿಗಿ ನೆಳ್ಳಿಗಂತ ತಂದೀವಿ."

"ಖರೇನ ಅದ," ಎಂದ ವಿರೂಪಣ್ಣ. "ತಿರುವಿನ್ಯಾಗ ಬೇಕ್ರಿ ನಮಗ."

ಓವರ್‌ಸಿಯರ್ ತಿರುವಿನ ಕಡೆ ಒಮ್ಮೆ, ಜನರ ಕಡೆ ಒಮ್ಮೆ ನೋಡಿದ. "ರೋಡ್ ಬಂದ್ ಗಿರಣಿ ಮುಂದ ಅಂತ ಪೊಲೀಸರು ವೈರ್‌ಲೆಸ್ಸಿನ್ಯಾಗ ಹೇಳ್ಯಾರ. ರಾಯಚೂರಿನಿಂದ ನನಗ ಬಂದ ಹುಕುಂ ಗಿರಣಿ ಮುಂದ ಅಂತದ. ಬ್ಯಾರೆ ಕಡಿ ಅಂದ್ರ ಮತ್ತ ಮೀಟಿಂಗ್ ಆಗಬೇಕು. ಇಷ್ಟು ಹತ್ರ ಎರಡು ಕೊಡಂಗಿಲ್ಲ. ಇಲ್ಲಿ ಸ್ಲೋ ಆದ ಗಾಡಿ ಅಲ್ಲೀತನ ಸ್ಲೋನ ಹೋಗ್ತದ ಯವ್ವಾ."

"ಹೋಗಲಿಲ್ಲಂದ್ರ?"

"ಅಲ್ಲಿ ಏನರ ಆದ್ರ ಆಗ ನೋಡೋಣು."

ಮಸೀದಿಯಿಂದ ಜೋಹರಿನ ಬಾಂಗು ಕೇಳಿತು. ಪೀರಾ ಸಾಬನ ಮುಖ ಒಣಗಿತು. "ವಿರೂಪಣ್ಣ, ಜೋಹರ್‌ತನ ಅಂತ ಮೊದಲ ಹೇಳಿದ್ದೆ. ಇನ್ನ ನಮ್ಮಕ್ಕನ್ನ ಬಿಡ್ರಿ."

ಎಲ್ಲರೂ ಬಗ್ಗಿ ಹೆಗಲು ಕೊಟ್ಟರು. ಹಿಂದಿನಿಂದ ಯಾವನೋ ಪೋಲಿ, "ಮೆಂಬರ್ ಸಾಹೇಬ್ರ ಗಿರಣಿಗಿ ಪುಕ್ಕಟ ಹಂಪ್ಸ್ ಬಿತ್ತಲೇ!" ಎಂದ. ವಿರೂಪಣ್ಣ ತಿರುಗಿ ನೋಡಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಖಬರಸ್ತಾನದತನಕ ಅವನು ಹೆಗಲು ಬದಲಿಸಲಿಲ್ಲವೆಂದು ಆಮೇಲೆ ಜನ ಹೇಳಿದರು.

ಜನಾಜಾ ಹೋದ ಮೇಲೆ ಬೇವಿನ ಕೆಳಗೆ ಬಿಳಿ ಗೆರೆಯೊಂದು ಉಳಿಯಿತು. ಅದರ ಮೇಲೆ ನಾಲ್ಕು ಬಾಡಿದ ಮಲ್ಲಿಗೆ.

*

ಸಾವಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಮರಮ್ಮ ತನ್ನ ಮನೆಯಲ್ಲಿ ಜೋಳದ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು. ಜಾಹೆದಾ ಖಾರ ತಿನ್ನುವುದಿಲ್ಲವೆಂದು ಅವಳ ಪಾಲಿನ ಪಲ್ಯ ಬೇರೆ ತೆಗೆದಿಟ್ಟಳು. ಹಳೆಯ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಹೋದಾಗ ಮನೆಯಲ್ಲಿ ಜಾಹೆದಾ ಇರಲಿಲ್ಲ. ಅವಳ ಮಗಳು ಮುದುಕಿಯೊಬ್ಬಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

"ಸಾಲಿ ಬಿಡೂ ಹೊತ್ತಾತು ಅಂದ್ಲು," ಎಂದಳು ಮುದುಕಿ. "ಮಣ್ಣಾದ ದಿನಾನ ಹೊರಗ ಹೋಗ್ತೀಯೇನ ಅಂತ ಬೈದೆ. ಕೇಳ್ಲಿಲ್ಲ."

ಅಮರಮ್ಮ ರಸ್ತೆಗೆ ಬಂದಳು. ಬೇವಿನ ಕೆಳಗೆ ಕರಿ ಉಬ್ಬು ಹೊಳೆಯುತ್ತಿತ್ತು. ಗ್ಯಾಂಗಿನವರು ಅದರ ಮೇಲೆ ಮರಳು ಚೆಲ್ಲಿ, ಡ್ರಮ್ಮು ಗಾಡಿಗೇರಿಸುತ್ತಿದ್ದರು. ವಾಸನೆ ಇನ್ನೂ ಬಿಸಿಯಾಗಿತ್ತು. ಅವಳು ಮೂಗಿಗೆ ಸೆರಗು ಹಿಡಿದು ಬದಿಗೆ ನಡೆದಳು.

ಹಿಂದಿನಿಂದ ಹತ್ತಿಯ ಲಾರಿಯೊಂದು ಬಂತು. ಉಬ್ಬಿನ ಹತ್ತಿರ ನರಳುತ್ತ ನಿಂತಂತಾಗಿ, ಮುಂದಿನ ಗಾಲಿ ಹತ್ತಿ ಇಳಿಯಿತು, ಹಿಂದಿನವು ಹತ್ತಿ ಇಳಿದವು. ಆಮೇಲೆ ಡ್ರೈವರ್ ಗೇರ್ ಬದಲಿಸಿದ. ಕಳೆದುಕೊಂಡ ಓಟವನ್ನು ಒಂದೇ ಸಲಕ್ಕೆ ತೆಗೆದುಕೊಳ್ಳುವವನಂತೆ ಒತ್ತಿದ. ಲಾರಿ ಕಪ್ಪು ಹೊಗೆ ಬಿಟ್ಟು, ಅಮರಮ್ಮನ ಸೆರಗು ಹಾರಿಸಿ, ಮೊದಲಿಗಿಂತ ಜೋರಾಗಿ ತಿರುವಿನ ಕಡೆಗೆ ಹೋಯಿತು.

ಅವಳು ನಡಿಗೆಯನ್ನು ಬಿಟ್ಟು ಓಡಿದಳು.

ತಿರುವು ಕಂಡಾಗ ಲಾರಿ ನಿಂತಿತ್ತು, ಅಡ್ಡಡ್ಡವಾಗಿ. ಅದರ ಮುಂದೆ ರಸ್ತೆಯ ನಡುವೆ ಜಾಹೆದಾ. ಕಪ್ಪು ದುಪಟ್ಟಾ ತಲೆಗೆ ಬಿಗಿದು, ತಾಯಿಯ ಸೌಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ನಿಂತಿದ್ದಳು. ಲಾರಿಯ ಮೂತಿಗೂ ಅವಳಿಗೂ ನಡುವೆ ಒಂದು ಮಗು ಮಲಗುವಷ್ಟು ಜಾಗವಿತ್ತು. ಡ್ರೈವರ್ ಬೈಯುತ್ತಿದ್ದ. ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ದಾಟುತ್ತಿದ್ದರು. ಸೌಟಿನ ತೂತುಗಳಲ್ಲಿ ನಿನ್ನೆಯ ಕಡಲೆಹಿಟ್ಟು ಒಣಗಿ ಕೂತಿತ್ತು.

ಲಾರಿ ಹೋಯಿತು. ಜಾಹೆದಾ ಬದಿಗೆ ಬಂದು ಆರಿದ ಒಲೆಯ ಪಕ್ಕ ನಿಂತಳು.

"ಸಾಲಿಯೊಳಗ ಇನ್ನೂ ಸಣ್ಣವ್ರು ಅದಾರ ಖಾಲಾ," ಎಂದಳು.

ನೆರಳಿಗೆ ಇಡಿರೆಂದವಳು ತಾನೇ ಎಂದು ನೆನೆದು ಅಮರಮ್ಮ ಬೇವಿನ ಕಡೆ ಮುಖ ತಿರುಗಿಸಿದಳು. ದೂರದ ಬೇವಿನ ಹತ್ತಿರ ಇನ್ನೊಂದು ಗಾಡಿ ನರಳಿ, ಹತ್ತಿ, ಇಳಿದ ಸದ್ದು. ಗೇರ್ ಬದಲಿಸಿದ ಸದ್ದು.

ಜಾಹೆದಾ ಬಲಗೈಯ ಸೌಟು ಮೇಲೆತ್ತಿದಳು. ಅಮರಮ್ಮ ಅವಳ ಎಡಗೈಯನ್ನು ಹಿಡಿದು ಬಿಡಿಸಿ, ಇನ್ನೂ ಬೆಚ್ಚಗಿದ್ದ ರೊಟ್ಟಿಯ ಗಂಟನ್ನು ಅದರಲ್ಲಿ ಇಟ್ಟಳು.