ಕೆಂಜಿಗ ಕಚ್ಚಿದ್ದು ಯಾವ ಕಾಲಿಗೆ?

ಸುಳ್ಳು ಹೇಳಲು ನಾಲಿಗೆ ಬೇಕು. ನನಗಿರುವುದು ಬರಿಯ ದವಡೆ. ಅದೂ ಮರದ್ದು, ಕೆಳಗಿನಿಂದ ಕಡ್ಡಿ ಎಳೆದರೆ ಟಕ್ಕೆಂದು ಬಿಚ್ಚಿಕೊಳ್ಳುವಂಥದ್ದು. ಹಾಗಾಗಿ ಈಗ ಹೇಳುವುದೆಲ್ಲ ನಿಜ.

ನಾನು ಒಂದು ಆಟದ ಗೊಂಬೆ. ನನ್ನ ಹುಟ್ಟೂರು ನೈಜೀರಿಯಾದ ದಕ್ಷಿಣಕ್ಕಿರುವ ಇಬಿಬಿಯೊ ಜನರ ಹಳ್ಳಿ. ಉಡೋಫಿಯಾ ಎಂಬ ಮುದುಕ ನನ್ನನ್ನು ಕೆತ್ತಿದ. ಊರೆಲ್ಲ ಅವನನ್ನು ‘ಎಟೆ’ ಎನ್ನುತ್ತಿತ್ತು, ಎಂದರೆ ಅಪ್ಪ. ಮೂಗು ಮಾಡುವಾಗ ಉಳಿ ಜಾರಿತು. “ಸೊಟ್ಟಗಾಯ್ತು, ಇರಲಿ ಬಿಡು. ಊರಲ್ಲಿ ಯಾರದ್ದು ನೆಟ್ಟಗಿದೆ?” ಎಂದ. ಅಂದಿನಿಂದ ನನಗೆ ಯಾರ ಮುಖವಾದರೂ ಒಪ್ಪುತ್ತದೆ.

ಅಣಕಿಸುವುದೇ ನನ್ನ ಕಸುಬು. ನಮ್ಮ ಆಟದ ಹೆಸರು ಎಕಾಂಗ್. ಬಟ್ಟೆಯ ಪರದೆಯ ಹಿಂದೆ ಆಡಿಸುವವರು ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಮೇಲೆ ನಾನು ಊರಿನ ದೊಡ್ಡವರಾಗುತ್ತೇನೆ. ನೆಂಟರು ಬಂದರೆ ಸೂಪಿನ ಮಡಕೆ ಬಚ್ಚಿಡುವವನಾಗಿದ್ದೇನೆ, ಪಂಚಾಯಿತಿಯಲ್ಲಿ ಗೊರಕೆ ಹೊಡೆಯುವ ಯಜಮಾನನೂ ಆಗಿದ್ದೇನೆ. ಒಂದೇ ಕಟ್ಟಳೆ: ಗೇಲಿಗೆ ಸಿಕ್ಕವರು ಸಿಟ್ಟಾಗುವಂತಿಲ್ಲ.

ಎಟೆಯ ಕೈ ನಡುಗತೊಡಗಿದಾಗ ನಾನು ಅವನ ಮೊಮ್ಮಗಳು ಇಮಾಳ ಪಾಲಾದೆ. ಅವಳು ಶಿಶುವಿಹಾರದ ಟೀಚರು. ಗೊಂಬೆ ಆಡಿಸುವುದು ಗಂಡಸರ ಕೆಲಸ ಎಂದು ಒಂದಿಬ್ಬರು ಗೊಣಗಿದರಂತೆ. “ದವಡೆಗೆ ಅದೆಲ್ಲ ಗೊತ್ತಾಗಲ್ಲ” ಎಂದು ಎಟೆ ನನ್ನನ್ನು ಅವಳ ಚೀಲಕ್ಕೆ ಹಾಕಿದ.

ಪ್ರತಿ ಶುಕ್ರವಾರ ಇಮಾ ಪುಟ್ಟ ಮಕ್ಕಳಿಗೆ ತಮ್ಮ ಜನರ ಬದುಕನ್ನು ಕಲಿಸುತ್ತಿದ್ದಳು. ಮೊದಲ ಮಗ ಅಕ್ಪನ್, ಎರಡನೆಯವನು ಉಡೋ ಎಂದು ಹೆಸರಿಡುವ ರೀತಿ, ರಾಫಿಯಾ ತಾಳೆಯ ನಾರಿನ ಹೆಣಿಗೆ, ಆಮೆಯ ತುಂಟತನದ ಕಥೆಗಳು. ಎಲ್ಲವೂ ಇಂಗ್ಲಿಷಿನಲ್ಲಿ! ಮುಖ್ಯೋಪಾಧ್ಯಾಯಿನಿ ಇನ್ಯಾಂಗ್ ಅವರ ಅಪ್ಪಣೆ ಹಾಗಿತ್ತು. ಆಮೆ ಇಂಗ್ಲಿಷಿನಲ್ಲಿ ಎಷ್ಟು ಹಲ್ಲು ಕಿರಿದರೂ ಮಕ್ಕಳು ನಗುತ್ತಿರಲಿಲ್ಲ.

ಶಾಲೆಯಲ್ಲಿ ಮನೆಮಾತಾದ ಇಬಿಬಿಯೊ ಆಡಿದವರ ಕೊರಳಿಗೆ ಶಿಕ್ಷೆಯಾಗಿ ದಿನವಿಡೀ ಒಂದು ಹಲಗೆ. ಅಜ್ಜಿಯ ಮನೆಯಲ್ಲಿ ಬೆಳೆದ ಐದು ವರ್ಷದ ಎಮೆಮ್‌ಗೆ ಬೇರೆ ಭಾಷೆಯೇ ಬಾರದು. ಬೆಳಗ್ಗೆ ‘ಎಮೆಸಿಯೆರೆ’ ಎಂದು ನಮಸ್ಕಾರ ಹೇಳಿದರೂ ಹಲಗೆ. ಒಂದೇ ವಾರದಲ್ಲಿ ಆ ಹುಡುಗಿ ಬಾಯಿಯನ್ನೇ ಮುಚ್ಚಿಕೊಂಡಳು. ತರಗತಿಯ ಕಪಾಟಿನಿಂದ ನೋಡುತ್ತಿದ್ದ ನನಗೆ, ತೆರೆಯದ ದವಡೆಯ ಸಂಕಟ ಚೆನ್ನಾಗಿ ಗೊತ್ತು.

ಒಂದು ದಿನ ಮಾವಿನ ಮರದಡಿ ಇನ್ಯಾಂಗ್ ಅವರ ಚಪ್ಪಲಿಗೆ ಕೆಂಜಿಗ ನುಗ್ಗಿತು. “ಎಕಾ ಮ್ಮಿ!” ಎಂದು ಅವರು ಕುಣಿದರು. ‘ಅಮ್ಮಾ’ ಎಂದು, ಅಪ್ಪಟ ಇಬಿಬಿಯೊದಲ್ಲಿ. ಹಲಗೆ ಮಾತ್ರ ಗೋಡೆಯ ಮೊಳೆಯಿಂದ ಅಲುಗಲಿಲ್ಲ. ಮಕ್ಕಳೆಲ್ಲ ನೋಡಿದ್ದರು.

ಇಮಾ ಅಜ್ಜನ ಬಳಿ ನನ್ನನ್ನು ಹಿಡಿದುಕೊಂಡು ಕೂತಳು. ಈ ಕೆಂಜಿಗದ ಪ್ರಸಂಗ ಆಡಿಸಿದರೆ ಕೆಲಸ ಹೋಗಬಹುದು, ಶುಕ್ರವಾರದ ಪಾಠವೂ ನಿಲ್ಲಬಹುದು. ಎಟೆ ಗಲ್ಲ ಕೆರೆದುಕೊಂಡ. “ಕಟ್ಟಳೆ ಇದೆ ಮಗು. ಇನ್ಯಾಂಗ್‌ಗೆ ನೆನಪಿದೆಯೋ ಇಲ್ಲವೋ, ನೋಡಬೇಕು.”

ಪೋಷಕರ ಸಭೆಯ ದಿನ ಪರದೆ ಎದ್ದಿತು. ನನ್ನ ಸೊಟ್ಟ ಮೂಗಿನ ಮೇಲೆ ತಂತಿಯ ಕನ್ನಡಕ. ನಾನು ಮೂರು ಸಲ ಗಂಟಲು ಸರಿಮಾಡಿಕೊಂಡೆ, ಥೇಟ್ ಇನ್ಯಾಂಗ್ ಅವರಂತೆ. “ಇಂಗ್ಲಿಷ್ ಪ್ಲೀಸ್, ಇಂಗ್ಲಿಷ್ ಪ್ಲೀಸ್” ಎಂದು ಇಮಾಳ ದನಿಯಲ್ಲಿ ಅತ್ತಿತ್ತ ತಿರುಗಿದೆ. ಕೆಂಪು ಚಿಂದಿಯ ಇರುವೆಯೊಂದು ನನ್ನ ಎಡಗಾಲನ್ನು ಹತ್ತಿತು. ಆಗ ಪರದೆಯ ಹಿಂದೆ ಇಮಾಳ ಪಕ್ಕ ಕೂತಿದ್ದ ಎಮೆಮ್ ವಾರಗಟ್ಟಲೆ ನುಂಗಿಟ್ಟ ದನಿಯನ್ನೆಲ್ಲ ಸೇರಿಸಿ ಕೂಗಿದಳು: “ಎಕಾ ಮ್ಮಿ!”

ನಾನು ಗಾಬರಿಯಿಂದ ಸುತ್ತ ನೋಡಿದೆ. ಹಲಗೆಯನ್ನು ತೆಗೆದು ನನ್ನ ಕೊರಳಿಗೆ ನಾನೇ ಹಾಕಿಕೊಂಡೆ.

ಇನ್ಯಾಂಗ್ ಎದ್ದರು. ನೇರ ನನ್ನ ಮುಂದೆ ಬಂದು ಮೂರು ಸಲ ಗಂಟಲು ಸರಿಮಾಡಿಕೊಂಡರು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಅವರು ಹಲಗೆಯನ್ನು ನನ್ನ ಕೊರಳಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು, ಪರದೆಯ ಹಿಂದೆ ಬಗ್ಗಿ ಎಮೆಮ್‌ಗೆ ಇಬಿಬಿಯೊದಲ್ಲೇ ಹೇಳಿದರು:

“ಅದು ಕಚ್ಚಿದ್ದು ಬಲಗಾಲಿಗೆ ಕಣೇ. ಇನ್ನೊಂದ್ಸಲ ಸರಿಯಾಗಿ ಆಡು.”

ಆ ಹಲಗೆ ಮತ್ತೆ ಮೊಳೆಗೆ ಏರಲಿಲ್ಲ. ಈಗ ಅದು ಕಪಾಟಿನಲ್ಲಿ ನನ್ನ ಮಣೆ. ನನಗೂ ವಯಸ್ಸಾಯಿತು, ದವಡೆ ಸಡಿಲ, ಬಣ್ಣ ಉದುರಿದೆ. ಎಷ್ಟೋ ಕೈಗಳು ಎತ್ತಿವೆ, ಎಷ್ಟೋ ಬಾಯಿಗಳು ಮಾತು ಕೊಟ್ಟಿವೆ. ಎಮೆಮ್‌ಳ ಆ ಒಂದು ಕೂಗು ಮಾತ್ರ ನನ್ನದೇ ದನಿ ಅನ್ನಿಸುತ್ತದೆ. ಶುಕ್ರವಾರ ಮಕ್ಕಳು ಚಾಪೆ ಹಾಸಿ ನನ್ನನ್ನು ಇಳಿಸುತ್ತಾರೆ. ಅವರ ನಡುವೆ, ನಿವೃತ್ತರಾದ ಒಬ್ಬ ಅಜ್ಜಿ ಕೋಲೂರಿಕೊಂಡು ಬಂದು ಕೂರುತ್ತಾರೆ. ಆಮೆಯ ಕಥೆ ಶುರುವಾದರೆ, “ಅದಿರಲಿ, ಇರುವೆದು ಆಡಿಸಿ” ಎನ್ನುತ್ತಾರೆ.

ಚಿಂದಿಯ ಇರುವೆ ನನ್ನ ಬಲಗಾಲನ್ನು ಹತ್ತುತ್ತದೆ. ಮಕ್ಕಳೆಲ್ಲ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ಆ ಅಜ್ಜಿ ನಗುತ್ತಾರೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ.