ಗುಡ್ಡದಲ್ಲಿ ದುರ್ಯೋಧನನ ದನಿ

ಕೂಡ್ಲಿಗಿ ಆಚೆಯ ಕುರುಚಲು ಗುಡ್ಡದಲ್ಲಿ ಯಾವ ಹಕ್ಕಿ ಯಾವುದರ ಜೊತೆ ಬಾಳುತ್ತದೆ, ಯಾವುದು ಬಂದರೆ ಯಾವುದು ಜಾಗ ಬಿಡುತ್ತದೆ ಎಂಬುದೇ ಅರ್ಚನಾಳ ಸಂಶೋಧನೆ. ಅದಕ್ಕೆಂದು ಜಾಲಿ ಮರಕ್ಕೆ ದನಿ ಹಿಡಿಯುವ ಪುಟ್ಟ ಪೆಟ್ಟಿಗೆ ಕಟ್ಟಿದ್ದಳು.

ಕೆಲಸ ಬಿಟ್ಟರೆ ಅವಳಿಗಿದ್ದದ್ದು ನಾಟಕದ ಹುಚ್ಚು. ಕೊಟ್ಟೂರಿನ ಹೆಂಗಸರ ತಂಡದಲ್ಲಿ ಈ ಸಲ ಅವಳೇ ದುರ್ಯೋಧನ. ಮನೆಯಲ್ಲಿ ಆರ್ಭಟಿಸಿದರೆ ಅಕ್ಕಪಕ್ಕದವರು ಓಡಿಬರುತ್ತಾರೆಂದು, ಪೆಟ್ಟಿಗೆ ಬಂದ್ ಮಾಡಿ ಗುಡ್ಡದಲ್ಲೇ ಗಂಟಲು ಹರಿಯುವಂತೆ ಮಾತು ಒಪ್ಪಿಸುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಕೂತು ಪೆಟ್ಟಿಗೆಯ ದನಿ ಕೇಳುತ್ತಿದ್ದಾಗ, ಪಿಕಳಾರ ಹಕ್ಕಿಯ ಹಾಡಿನ ನಡುವೆ ಹೆಣ್ಣುದನಿಯೊಂದು ಗುಡುಗಿತು: "ಎಲವೋ ಭೀಮ, ನನ್ನ ತೊಡೆ ನೋಡಿ ಹಲ್ಲು ಕಡಿಯುವೆಯಾ?"

ಗಂಡ ಪ್ರವೀಣಕುಮಾರ್ ಇಣುಕಿದ. "ನಿಂದ ದನಿ ಅಲ್ಲೇನ? ಅದ ಎಳಿಯೋದು, ಅದ ಗತ್ತು."

"ಇದು ಪೆಟ್ಟಿಗ್ಯಾಗ ಬಿದ್ದ ದಿನ ನಾವಿಬ್ರೂ ಹರಪನಹಳ್ಳಿ ಮದುವ್ಯಾಗ ಇದ್ವಲ್ರಿ!"

ಅರ್ಚನಾಳಿಗೆ ತನ್ನ ತಲೆಯ ಮೇಲೇ ಅನುಮಾನ ಬಂತು.

ಮರುದಿನ ಗುಡ್ಡದ ಬಂಡೆಯ ಮರೆಯಲ್ಲಿ ಕಾದಳು. ಕುರಿ ಹೊಡೆದುಕೊಂಡು ಬಂದ ಜಂಬಕ್ಕ, ಕೋಲನ್ನು ಗದೆಯಂತೆ ಹೆಗಲಿಗೇರಿಸಿ, ಅದೇ ಮಾತು ಕೂಗಿದಳು. ಅರ್ಚನಾ ಎದ್ದು ನಿಂತಿದ್ದೇ ಅವಳ ಕೋಲು ಕೆಳಗೆ ಬಿತ್ತು.

"ನೀವು ಒದರೋದು ಕೇಳಿ ಕೇಳಿ ಬಾಯಿಗೆ ಬಂದೈತ್ರಿ ಅಕ್ಕಾರ. ತಪ್ಪಾತೇನ್ರಿ?"

"ಏನ್ ತಪ್ಪಿಲ್ಲ. ನಮ್ಮ ಭೀಮನ ಪಾರ್ಟಿನಾಕಿ ಬಿಟ್ಟುಹೋಗ್ಯಾಳ. ನೀನು ಬರ್ತಿಯೇನ?"

ಜಂಬಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೂಂ ಎಂದು ತಲೆಯಾಡಿಸಿದಳು.

ಆದರೆ ಗೊಂದಲ ಮುಗಿಯಲಿಲ್ಲ. ಪೆಟ್ಟಿಗೆಯಲ್ಲಿ ಸಿಕ್ಕ ಮನುಷ್ಯರ ದನಿಯನ್ನು ಅಳಿಸುವುದು ಅರ್ಚನಾಳ ರೂಢಿ. ಜಂಬಕ್ಕ ಕೂಗುವಾಗಲೂ ಪಿಕಳಾರ ಹಾಡುತ್ತಲೇ ಇತ್ತು, ಗೌಜಲಹಕ್ಕಿ ಕೂಗುತ್ತಲೇ ಇತ್ತು. ಹಾಗಾದರೆ ಅವಳೂ ಗುಡ್ಡದ ಒಕ್ಕಲೇ ಅಲ್ಲವೇ? ಇಡಬೇಕೋ, ಅಳಿಸಬೇಕೋ ತಿಳಿಯದೆ ಹಾಗೇ ಬಿಟ್ಟಳು.

ಭಾನುವಾರ ತಾಲೀಮಿನಲ್ಲಿ ಮೇಷ್ಟ್ರು ಕರಿಸಿದ್ದಪ್ಪ, "ಎಲ್ಲಿ, ಭೀಮನ ಮಾತು ಹೇಳವ್ವಾ" ಎಂದರು.

"ಎಲವೋ ಭೀಮ!" ಎಂದು ಜಂಬಕ್ಕ ಗದೆ ಎತ್ತಿದಳು.

"ಅಯ್ಯ, ನೀನ ಭೀಮ!"

"ನನಗ ಇದೊಂದ ಬರ್ತೈತ್ರಿ."

ಮೇಷ್ಟ್ರು ಇಬ್ಬರನ್ನೂ ನೋಡಿದರು. ಬೇರೆ ದಾರಿ ಕಾಣದೆ ದುರ್ಯೋಧನನ ಪಾತ್ರವನ್ನು ಜಂಬಕ್ಕನಿಗೇ ಕೊಟ್ಟು, ಅರ್ಚನಾಳನ್ನು ಭೀಮನಾಗಿ ಎದುರಿಗೆ ನಿಲ್ಲಿಸಿದರು. ಅರ್ಚನಾ ಕತ್ತೆತ್ತಿ ಬಾಯಿ ತೆರೆದಳು. ಅವಳ ಬಾಯಿಂದಲೂ "ಎಲವೋ ಭೀಮ" ಎಂದೇ ಬಂತು. ಇಡೀ ತಂಡ ನಕ್ಕಿತು. ತಾನೀಗ ಯಾರು ಎಂದು ಒಂದು ಗಳಿಗೆ ಯೋಚಿಸಿ, ಅವಳೂ ನಕ್ಕು, ಮೊದಲಿಂದ ಶುರು ಮಾಡಿದಳು.